ಡಿವೈಸ್ ಟ್ರೀಯಲ್ಲಿ ಸ್ಥಿರ ವೋಲ್ಟೇಜ್ ರೆಗ್ಯುಲೇಟರ್ ನೋಡ್‌ಗಳಿಗೆ ಯಾವ ಹೆಸರಿಡಬೇಕು?

ಪ್ರಶ್ನೆ:
ನಮ್ಮ ಬೋರ್ಡಿನಲ್ಲಿ 3.3 ವೋಲ್ಟ್‌ನ ಎರಡು ಪ್ರತ್ಯೇಕ ರೈಲುಗಳಿವೆ (ವಿದ್ಯುತ್ ಪೂರೈಕೆಯ ಮಾರ್ಗಗಳು). ಒಂದು ಸದಾ ಚಾಲೂ ಇರುವಂಥದ್ದು. ಇನ್ನೊಂದು ವೈಫೈ ಚಿಪ್‌ಗೆ ಮೀಸಲು, ಜಿಪಿಐಒ (ಪ್ರೊಸೆಸರಿನ ನಿಯಂತ್ರಣ ಪಿನ್) ಮೂಲಕ ಆನ್-ಆಫ್ ಆಗುತ್ತದೆ. ಹಳೆಯ ಡಿಟಿಎಸ್ (ಬೋರ್ಡಿನ ಹಾರ್ಡ್‌ವೇರನ್ನು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀಯ ಮೂಲ) ಕಡತಗಳಲ್ಲಿರುವಂತೆ ‘ರೆಗ್ಯುಲೇಟರ್@0’, ‘ರೆಗ್ಯುಲೇಟರ್@1’ ಎಂದು ಬರೆದರೆ, ಯೂನಿಟ್ ವಿಳಾಸವಿದೆ (‘@’ ನಂತರದ ಸಂಖ್ಯೆ) ಆದರೆ ಆ ವಿಳಾಸವನ್ನು ಹೇಳುವ ‘ರೆಗ್’ ಗುಣ ಇಲ್ಲವೆಂದು, ಡಿಟಿಎಸ್ ಅನ್ನು ಕಂಪೈಲ್ ಮಾಡುವ ಡಿಟಿಸಿ ಎಚ್ಚರಿಸುತ್ತದೆ. ಹುಸಿ ‘ರೆಗ್’ ಸೇರಿಸಿ ಅದರ ಬಾಯಿ ಮುಚ್ಚಿಸಲು ಮನಸ್ಸಿಲ್ಲ. ಈಗಿನ ರೂಢಿ ಯಾವುದು?

ಉತ್ತರ 1:
ಹುಸಿ ‘ರೆಗ್’ ಬೇಡ. ಇಲ್ಲದ ಬಸ್ಸನ್ನು ‘ಸಿಂಪಲ್-ಬಸ್’ ಎಂದು ಕಲ್ಪಿಸಿ, ರೆಗ್ಯುಲೇಟರ್‌ಗಳನ್ನೆಲ್ಲ ಅದರೊಳಗೆ ತುಂಬಿ ಸಂಖ್ಯೆ ಕೊಡುತ್ತಿದ್ದ ಪದ್ಧತಿಯನ್ನು ಕರ್ನಲ್ ನಿರ್ವಾಹಕರು ಒಪ್ಪದೆ ವರ್ಷಗಳೇ ಆದವು. ನೋಡ್‌ಗಳನ್ನು ನೇರವಾಗಿ ರೂಟ್ ಅಡಿಯಲ್ಲಿಡಿ. ಸ್ಥಿರ ರೆಗ್ಯುಲೇಟರ್‌ನ ಬೈಂಡಿಂಗ್ ಸ್ಕೀಮಾ (ನೋಡ್ ಹೇಗಿರಬೇಕೆಂಬ ನಿಯಮಗಳ ಕಡತ) ಈಗ ‘ರೆಗ್ಯುಲೇಟರ್-3ವಿ3’ ಮಾದರಿಯ ಹೆಸರನ್ನು ಬಯಸುತ್ತದೆ. ‘ರೆಗ್ಯುಲೇಟರ್-’ ಎಂದು ಆರಂಭವಾಗಿ ಮುಂದೆ ಬಳಕೆಯನ್ನು ಸೂಚಿಸುವ ಹೆಸರೂ ಅದಕ್ಕೆ ಒಪ್ಪಿಗೆ. ನೋಡ್ ಹೆಸರಿನಲ್ಲಿ ಅಡ್ಡಗೆರೆ ಬಳಸಿ, ಅಂಡರ್‌ಸ್ಕೋರನ್ನು ಲೇಬಲ್‌ಗೆ (ಬೇರೆಡೆಯಿಂದ ನೋಡನ್ನು ಉಲ್ಲೇಖಿಸುವ ಅಡ್ಡಹೆಸರು) ಬಿಡಿ.

ಉತ್ತರ 2:
ಮೇಲಿನದು ಸರಿ, ಆದರೆ ನಿಮ್ಮಲ್ಲಿ ಎರಡೂ 3.3 ವೋಲ್ಟ್ ಆಗಿರುವುದರಿಂದ ಅಪಾಯ ಬೇರೆಡೆ ಇದೆ. ಮಾಡ್ಯೂಲಿನ ಡಿಟಿಎಸ್‌ಐ ಕಡತದಲ್ಲಿ ಒಂದು ‘ರೆಗ್ಯುಲೇಟರ್-3ವಿ3’, ಅದನ್ನು ಸೇರಿಸಿಕೊಳ್ಳುವ ಬೋರ್ಡಿನ ಡಿಟಿಎಸ್‌ನಲ್ಲಿ ಇನ್ನೊಂದು ‘ರೆಗ್ಯುಲೇಟರ್-3ವಿ3’ ಇದ್ದರೆ, ಡಿಟಿಸಿ ದೋಷವೆನ್ನದೆ ಎರಡನ್ನೂ ಒಂದೇ ನೋಡ್ ಆಗಿ ಬೆಸೆದುಬಿಡುತ್ತದೆ, ಲೇಬಲ್‌ಗಳು ಬೇರೆಬೇರೆಯಾಗಿದ್ದರೂ ಎರಡೂ ಅದನ್ನೇ ತೋರಿಸುತ್ತವೆ. ವೈಫೈ ರೈಲಿನ ಜಿಪಿಐಒ ಮೊದಲನೆಯದಕ್ಕೆ ಅಂಟಿಕೊಳ್ಳುತ್ತದೆ. ಮೊದಲನೆಯದರ ‘ರೆಗ್ಯುಲೇಟರ್-ಆಲ್ವೇಸ್-ಆನ್’ ಹಾಗೆಯೇ ಉಳಿಯುವುದರಿಂದ ವೈಫೈ ರೈಲು ಆಫ್ ಆಗುವುದೇ ಇಲ್ಲ. ಬೂಟ್ ಲಾಗ್ ನೋಡಿದವರಿಗೆ ಇದರ ಸುಳಿವೂ ಸಿಗದಿರಬಹುದು. ಆದ್ದರಿಂದ ಎರಡನೆಯದಕ್ಕೆ ‘ರೆಗ್ಯುಲೇಟರ್-3ವಿ3-ವೈಫೈ’ ಎಂದಿಡಿ, ಡಿಟಿಬಿಯನ್ನು (ಡಿಟಿಸಿ ಕೊಡುವ ಬೈನರಿ ಕಡತ) ಮರಳಿ ಡಿಟಿಎಸ್ ಮಾಡಿಸಿ ಎರಡು ನೋಡ್ ಇವೆಯೇ ಎಂದು ಕಣ್ಣಾರೆ ನೋಡಿ.

ಪ್ರಶ್ನೆ ಕೇಳಿದವರು:
ಹಾಗಾದರೆ ‘ರೆಗ್ಯುಲೇಟರ್-ನೇಮ್’ನಲ್ಲೂ ಇದನ್ನೇ ಬರೆಯಬೇಕೇ? ಪಿಎಂಐಸಿಯ (ವಿದ್ಯುತ್ ನಿರ್ವಹಣಾ ಚಿಪ್) ಒಳಗಿನ ‘ಬಕ್1’ ಮುಂತಾದ ಔಟ್‌ಪುಟ್ ನೋಡ್‌ಗಳನ್ನೂ ಇದೇ ಮಾದರಿಗೆ ತರಬಹುದೇ?

ಉತ್ತರ 3:
‘ರೆಗ್ಯುಲೇಟರ್-ನೇಮ್’ನಲ್ಲಿ ಸ್ಕೀಮ್ಯಾಟಿಕ್‌ನ ನೆಟ್ ಹೆಸರನ್ನೇ (ಸರ್ಕ್ಯೂಟ್ ನಕ್ಷೆಯಲ್ಲಿ ಆ ರೈಲಿಗಿರುವ ಹೆಸರು) ಯಥಾವತ್ತಾಗಿ ಬರೆಯಿರಿ. ಡಿಬಗ್‌ಎಫ್‌ಎಸ್‌ನ (ಕರ್ನಲ್‌ನ ಡಿಬಗ್ ಮಾಹಿತಿ ತೋರಿಸುವ ಕಡತ ವ್ಯವಸ್ಥೆ) ರೆಗ್ಯುಲೇಟರ್ ಸಾರಾಂಶದಲ್ಲಿ ಕಾಣುವುದು ಅದೇ. ಮಲ್ಟಿಮೀಟರ್ ಹಿಡಿದವರಿಗೆ ಬೇಕಾದದ್ದೂ ಅದೇ. ಪಿಎಂಐಸಿಯ ಉಪನೋಡ್‌ಗಳನ್ನು ಮಾತ್ರ ಮುಟ್ಟಬೇಡಿ: ಅಲ್ಲಿ ಹಲವು ಡ್ರೈವರ್‌ಗಳು ನೋಡ್ ಹೆಸರನ್ನೇ ಹೋಲಿಸಿ ಯಾವ ಔಟ್‌ಪುಟ್ ಎಂದು ಗುರುತಿಸುವುದರಿಂದ, ಹೆಸರು ಬದಲಾದರೆ ನೀವು ಕೊಟ್ಟ ವೋಲ್ಟೇಜ್ ಮಿತಿಗಳನ್ನು ಡ್ರೈವರ್ ಓದುವುದೇ ಇಲ್ಲ. ಸ್ಥಿರ ರೆಗ್ಯುಲೇಟರ್‌ಗಳನ್ನು ಅವುಗಳಿಂದ ವಿದ್ಯುತ್ ಪಡೆಯುವ ನೋಡ್‌ಗಳು ತಲುಪುವುದು ಪಿಹ್ಯಾಂಡಲ್ (ನೋಡ್‌ನ ಗುರುತು ಸಂಖ್ಯೆ) ಮೂಲಕವಾದ್ದರಿಂದ ಅವುಗಳ ಮರುನಾಮಕರಣ ಸುರಕ್ಷಿತ. ಬೂಟ್‌ಲೋಡರ್ ಯಾವುದಾದರೂ ನೋಡ್ ಅನ್ನು ಪೂರ್ಣ ಪಥದಿಂದ ಹುಡುಕುತ್ತಿದೆಯೇ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಿ.