ಅಪ್‌ಡೇಟ್: ಸಸ್ಟೈನಬಿಲಿಟಿ ಎಂಬಿಎ ಸೇರಿದ ಮೇಲೆ

ಪುಣೆಯ ಚಾಕಣ್‌ನಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿದ್ದೇನೆ, ಸಸ್ಟೈನಬಿಲಿಟಿ (ಪರಿಸರಕ್ಕೆ ಹೊರೆಯಾಗದಂತೆ ವ್ಯವಹಾರ ನಡೆಸುವುದು) ಎಂಬಿಎ ಮಾಡಿದ್ರೆ ಕೆಲಸ ಸಿಗುತ್ತಾ, ಇಲ್ಲ ಸುಮ್ನೆ ದುಡ್ಡು ದಂಡವಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. "ಮೊದಲು ಲೆಕ್ಕ ಕಲಿ, ಭಾಷಣ ಆಮೇಲೆ" ಎಂದ ಹುಬ್ಬಳ್ಳಿ ಅಕ್ಕನಿಗೆ ಥ್ಯಾಂಕ್ಸ್.

ಸೇರಿದೆ. ಈಗ ಇಂಟರ್ನ್‌ಶಿಪ್, ಯುರೋಪಿಗೆ ಉಕ್ಕಿನ ಬೋಲ್ಟ್ ಕಳಿಸುವ ಕಾರ್ಖಾನೆಯಲ್ಲಿ. ಯುರೋಪಿನ ಕಾರ್ಬನ್ ಗಡಿ ಸುಂಕ, ಅಂದರೆ ಆಮದು ಸರಕು ತಯಾರಿಸುವಾಗ ಹೊರಬಿದ್ದ ಇಂಗಾಲಕ್ಕೆ ಹಾಕುವ ಶುಲ್ಕ, 2026ರ ಜನವರಿಯಿಂದ ಪೂರ್ತಿ ಜಾರಿ. ಬೋಲ್ಟೂ ಅದರಲ್ಲಿ ಬರುತ್ತದೆ. ಹಾಗಾಗಿ ಗಿರಾಕಿಗಳು ರೇಟಿನ ಜೊತೆ ಇಂಗಾಲದ ಲೆಕ್ಕವನ್ನೂ ಕೇಳುತ್ತಾರೆ.

ನನ್ನ ಕೆಲಸ? ಸ್ಟೋರ್ ಕಾಕಾ ಪಕ್ಕ ಕೂತು ಜನರೇಟರ್‌ನ ಲಾಗ್‌ಬುಕ್ ಓದುವುದು. ಮರಾಠಿ ಅಕ್ಷರ, ಪುಟದ ತುಂಬ ಎಣ್ಣೆ ಕಲೆ. 'ಸಾತ್' (ಏಳು) ಯಾವುದು, 'ಸಾಠ್' (ಅರವತ್ತು) ಯಾವುದು ಅಂತ ಕಾಕಾನೇ ಹೇಳಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್. ಗ್ರಿಡ್ ಕರೆಂಟಿಗೆ ಯೂನಿಟ್‌ಗೆ ಸುಮಾರು 0.7 ಕೆಜಿ. ನಾವೇ ಉರಿಸುವ ಡೀಸೆಲ್‌ನದು ಸ್ಕೋಪ್ 1, ಕೊಂಡ ಕರೆಂಟಿನದು ಸ್ಕೋಪ್ 2. ಬೇರೆಯವರು ತಯಾರಿಸಿ ನಮಗೆ ಮಾರುವ ಕಚ್ಚಾ ಉಕ್ಕಿನದು ಸ್ಕೋಪ್ 3, ತಲೆನೋವು ಇರೋದೇ ಅಲ್ಲಿ. ಮಾರುವವರು ಲೆಕ್ಕ ಕೊಡಬೇಕಲ್ವಾ!

ಕೋರ್ಸಲ್ಲಿ ಉಪಯೋಗಕ್ಕೆ ಬಂದಿದ್ದು ಕಾರ್ಬನ್ ಅಕೌಂಟಿಂಗ್ (ಇದೇ ಇಂಗಾಲದ ಲೆಕ್ಕ) ಮತ್ತು ಫೈನಾನ್ಸ್. 'ಗ್ರೀನ್ ಲೀಡರ್‌ಶಿಪ್' ಪೇಪರ್ ಬರೀ ಸ್ಲೈಡು. ಹಳೇ ಫ್ಯಾಕ್ಟರಿ ಅನುಭವ ಇಂಟರ್‌ವ್ಯೂನಲ್ಲಿ ಡಿಗ್ರಿಗಿಂತ ಜಾಸ್ತಿ ತೂಗಿತು.

ಕೆಲಸಗಳಂತೂ ಇವೆ. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2022-23ರಿಂದ ಟಾಪ್ 1000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ (ಪರಿಸರ, ಸಾಮಾಜಿಕ ಹೊಣೆಗಾರಿಕೆಯ) ವರದಿ ಕಡ್ಡಾಯ ಮಾಡಿದೆ, ಅದನ್ನು ಬರೆಯೋಕೆ ಜನ ಬೇಕು. ಆದರೆ ಶುರುವಿನ ಸಂಬಳ ನನ್ನ ಹಳೇ ಸಂಬಳಕ್ಕಿಂತ ಅಂಥಾ ಜಾಸ್ತಿಯೇನಲ್ಲ. ಸಾಲ ಮಾಡಿ ಸೇರುವವರು ಮೊದಲು ಇಎಂಐ ನೋಡಿಕೊಳ್ಳಿ. ನನಗೆ ಇದೇ ಕಾರ್ಖಾನೆಯವರು ಆಫರ್ ಕೊಡುವ ಮಾತಾಡಿದ್ದಾರೆ, ಲೆಟರ್ ಇನ್ನೂ ಬಂದಿಲ್ಲ.