ಎಪಿಕ್ ಊಹೆ ಪಂದ್ಯ: 60 ಹೆಸರು ಬರೆದವನು ಗೆದ್ದನಾ?

ವಾಟ್ಸ್ಯಾಪ್ ಗುಂಪು: ಕೊನೇ ಬೆಂಚು ಬಳಗ

ಕಿಟ್ಟಿ: (ಚಿತ್ರ) ಕಳೆದ ಸುತ್ತಿನ ಅಂಕಪಟ್ಟಿ. 9 ಸರಿ, ಗೆದ್ದವನು ನಾನು. ಹಳೇ ಕಾಮಿಕ್ಸ್ ಸಂಚಿಕೆಗಳನ್ನು ಸಂಪುಟ ಮಾಡಿ ಮರುಮುದ್ರಿಸುವ ಮಾರ್ವೆಲ್ ಎಪಿಕ್ ಕಲೆಕ್ಷನ್‌ನಲ್ಲಿ ಮುಂದಿನ ವರ್ಷ ಯಾವ ಸಂಪುಟ ಬರುತ್ತೆ ಅನ್ನೋ ಊಹೆಗೂ ಇದೇ ನಿಯಮ ಇರಲಿ. ಒಪ್ಪಿಗೆ ತಾನೆ?

ಚಿನ್ನಿ: ಸರಿ ಎಷ್ಟು ಅಂತ ಹಾಕಿದ್ದೀಯ. ತಪ್ಪು ಎಷ್ಟು ಅಂತ ಎಲ್ಲಿದೆ?

ಕಿಟ್ಟಿ: ತಪ್ಪಿಗೆ ಅಂಕ ಕಳೆಯುವ ನಿಯಮವೇ ಇರಲಿಲ್ಲವಲ್ಲ.

ಚಿನ್ನಿ: ಅದೇ ನನ್ನ ತಕರಾರು. ನೀನು 60 ಹೆಸರು ಬರೆದು 9 ಸರಿ ಮಾಡಿದೆ. ನಾನು 12 ಬರೆದು 7 ಸರಿ ಮಾಡಿದೆ. ಕತ್ತಲಲ್ಲಿ ಲಾರಿಗಟ್ಟಲೆ ಕಲ್ಲು ಬೀಸಿದರೆ ಒಂದೆರಡು ತಾಗದೆ ಇರುತ್ತಾ?

ಉದ್ದಪ್ಪ: ಶುರುವಾಯ್ತು.

ಸೋಡಾಬುಡ್ಡಿ: ನಾನು ಇದಕ್ಕೆ ಹೊಸಬ. ಊಹಿಸೋಕೆ ಏನಿದೆ? 1 ಆದಮೇಲೆ 2, 2 ಆದಮೇಲೆ 3 ಬರಲ್ವಾ?

ಚಿನ್ನಿ: ಬರಲ್ಲ. ಅಲ್ಲೇ ಮಜಾ ಇರೋದು. 2013ರಲ್ಲಿ ಈ ಸಾಲು ಶುರುವಾದಾಗ ಐರನ್ ಮ್ಯಾನ್‌ನಲ್ಲಿ ಮೊದಲು ಬಂದದ್ದೇ 10ನೇ ಸಂಪುಟ. ಸಂಪುಟದ ಸಂಖ್ಯೆ ಕಥೆಯ ಕಾಲಕ್ಕೆ ಸೇರಿದ್ದು, ಅಚ್ಚಾದ ಕ್ರಮಕ್ಕಲ್ಲ. ಹಾಗಾಗಿ ಮಧ್ಯೆ ಮಧ್ಯೆ ಖಾಲಿ ಜಾಗ ಉಳಿಯುತ್ತೆ. 3 ಮತ್ತು 5 ಬಂದಿದ್ದರೆ 4ರಲ್ಲಿ ಯಾವ ಸಂಚಿಕೆಗಳು ಇರುತ್ತವೆ ಅಂತ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಯಾವಾಗ ಬರುತ್ತೆ ಅನ್ನೋದು ಮಾತ್ರ ಗೊತ್ತಾಗಲ್ಲ. ನಾವು ಊಹಿಸೋದು ಅದನ್ನೇ.

ಸೋಡಾಬುಡ್ಡಿ: ಓಹೋ. ಹಾಗಾದರೆ ಎಲ್ಲರೂ ಸ್ಪೈಡರ್ ಮ್ಯಾನ್ ಅಂತಲೇ ಬರೆಯಬಹುದಲ್ಲ?

ಚಿನ್ನಿ: ಬರೆದರು! ಅವನ ಸಂಪುಟ ಒಂದಾದರೂ ಬರುತ್ತೆ ಅಂತ ಹೇಳೋಕೆ ಜ್ಯೋತಿಷ್ಯ ಬೇಡ. ಅದಕ್ಕೂ ಒಂದು ಅಂಕ, ಯಾರೂ ನಂಬದ ಪುಸ್ತಕ ಹೇಳಿದವರಿಗೂ ಒಂದೇ ಅಂಕ. ರಾಮ್ (ROM) ಕಥೆ ನೋಡು. 1979ರಿಂದ 1986ರವರೆಗೆ 75 ಸಂಚಿಕೆ ಬಂದ ಕಾಮಿಕ್ಸ್. ನಾಯಕ ಒಂದು ಆಟಿಕೆ ಕಂಪನಿಯ ಗೊಂಬೆ. ಹಕ್ಕಿನ ತೊಡಕಿನಿಂದ ದಶಕಗಟ್ಟಲೆ ಮರುಮುದ್ರಣವೇ ಇಲ್ಲ. ದೊಡ್ಡ ಆಮ್ನಿಬಸ್ (ಹಲವು ಸಂಚಿಕೆ ಸೇರಿಸಿದ ದಪ್ಪ ಪುಸ್ತಕ) ಬರುವಾಗ 2024 ಆಗಿತ್ತು. ವರ್ಷ ವರ್ಷ ರಾಮ್ ಅಂತ ಬರೆದು ನಗೆಪಾಟಲಾದವರು ಎಷ್ಟು ಜನ! ಅಂಥದ್ದನ್ನು ಸರಿಯಾಗಿ ಹೇಳಿದವರಿಗೂ ಸ್ಪೈಡರ್ ಮ್ಯಾನ್‌ಗೆ ಕೊಟ್ಟಷ್ಟೇ ಕೊಡೋದಾ?

ಕಿಟ್ಟಿ: ಯಾವುದು ಕಷ್ಟ ಅಂತ ತೀರ್ಮಾನ ಮಾಡೋರು ಯಾರು? ನೀನಾ?

ಚಿನ್ನಿ: ಯಾರೂ ಬೇಡ. ಪ್ರತಿ ಪುಸ್ತಕಕ್ಕೆ 12 ಅಂಕ. ಅದನ್ನು ಸರಿಯಾಗಿ ಹೇಳಿದವರೆಲ್ಲ ಹಂಚಿಕೊಳ್ಳಬೇಕು. ಆರು ಜನ ಹೇಳಿದರೆ ತಲಾ 2. ಒಬ್ಬಳೇ ಹೇಳಿದರೆ ಪೂರ್ತಿ 12. ಕಷ್ಟ ಎಷ್ಟು ಅಂತ ನಮ್ಮ ಊಹೆಗಳೇ ಹೇಳುತ್ತವೆ. ಪಕ್ಕದವರದ್ದು ನೋಡಿ ಬರೆದರೂ ಪಾಲು ಕಮ್ಮಿ ಆಗುತ್ತೆ.

ಉದ್ದಪ್ಪ: ಇದು ಚೆನ್ನಾಗಿದೆ. ಆದರೆ ಕಿಟ್ಟಿ ಈಗ 60 ವಿಚಿತ್ರ ಹೆಸರು ಬರೀತಾನೆ.

ಕಿಟ್ಟಿ: ಬರೀತೀನಿ.

ಚಿನ್ನಿ: ತಲಾ 12 ಊಹೆ, ಮುಗೀತು. ತಪ್ಪಿಗೆ ಅಂಕ ಕಳೆಯೋದು ನನಗೂ ಇಷ್ಟ ಇಲ್ಲ, ಹೊಸಬರು ಹೆದರಿ ಆಡೋದೇ ಇಲ್ಲ. ಮಿತಿ ಇದ್ದರೆ ಸಾಕು. ಸುಮ್ನೆ ಬರೆದ ಪ್ರತಿ ಹೆಸರೂ ಒಂದು ಜಾಗ ತಿನ್ನುತ್ತೆ.

ಸೋಡಾಬುಡ್ಡಿ: ಹಾಗಾದರೆ ಇಲ್ಲೇ ಪೋಲ್ ಹಾಕಿಬಿಡಲಾ?

ಚಿನ್ನಿ: ಬೇಡಪ್ಪ. ಪೋಲ್‌ನಲ್ಲಿ 12 ಆಯ್ಕೆಗಿಂತ ಜಾಸ್ತಿ ಹಾಕೋಕಾಗಲ್ಲ. ಯಾರು ಏನು ಒತ್ತಿದರು ಅಂತ ಎಲ್ಲರಿಗೂ ಕಾಣುತ್ತೆ, ಆಮೇಲೆ ಬದಲಾಯಿಸಲೂಬಹುದು. ಮೆಸೇಜ್ ಕಥೆಯೂ ಅಷ್ಟೇ, 15 ನಿಮಿಷ ತಿದ್ದಬಹುದು. ಆಡದೆ ಇರೋ ಒಬ್ಬರಿಗೆ ಎಲ್ಲರೂ ಗುಟ್ಟಾಗಿ ಕಳಿಸೋಣ. ಅಂಪೈರ್ ತಾನೂ ಆಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಸೋಡಾಬುಡ್ಡಿ: ನಾನೇ ಆಗ್ತೀನಿ ಬಿಡಿ. ಹೇಗೂ ನನಗೆ ಆಡೋಕೆ ಬರಲ್ಲ.

ಚಿನ್ನಿ: ಇನ್ನೊಂದಿದೆ. ಕಿಟ್ಟಿ, ನಿನ್ನ ಸ್ಟಾರ್ ವಾರ್ಸ್ ಊಹೆ ಕೊನೇ ದಿನ ರಾತ್ರಿ 11:52ಕ್ಕೆ ಬಂತು. ಸಂಪುಟದ ಹೆಸರು, ಪುಟ ಸಂಖ್ಯೆ ಸಮೇತ. ಪುಟ ಸಂಖ್ಯೆ ಯಾರಪ್ಪಾ ಊಹಿಸ್ತಾರೆ?

ಕಿಟ್ಟಿ: ಆನ್‌ಲೈನ್ ಪುಸ್ತಕದಂಗಡಿಯಲ್ಲಿ ಹೆಸರು ಬಿದ್ದಿತ್ತು. ಯಾರು ಬೇಕಾದರೂ ನೋಡಬಹುದಿತ್ತು. ಅದು ಮೋಸ ಅಲ್ಲ, ಹೋಮ್‌ವರ್ಕ್.

ಉದ್ದಪ್ಪ: ಇವನು ಹೇಳೋದರಲ್ಲೂ ನ್ಯಾಯ ಇದೆ ಅಲ್ವಾ?

ಚಿನ್ನಿ: ಮೋಸ ಅಂತ ನಾನೂ ಅನ್ನಲ್ಲ. ಆದರೆ ಅದು ಊಹೆಯೂ ಅಲ್ಲ. ಕಾಮಿಕ್ಸ್ ಅಂಗಡಿಗಳ ಕ್ಯಾಟಲಾಗ್‌ಗೆ ಬರುವ ತಿಂಗಳುಗಟ್ಟಲೆ ಮೊದಲೇ ಪುಸ್ತಕದಂಗಡಿಗಳ ಪಟ್ಟಿಯಲ್ಲಿ ಹೆಸರು ಕಾಣಿಸುತ್ತೆ. ರಾತ್ರಿ ಕೂತು ರಿಫ್ರೆಶ್ ಒತ್ತಿದವರು ಗೆದ್ದರೆ ಅದಕ್ಕೆ ಬೇರೆ ಪಂದ್ಯ ಇಡೋಣ. ಗಡುವಿನ ಹೊತ್ತಿಗೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಸಮೇತ ಎಲ್ಲಾದರೂ ಬಹಿರಂಗವಾಗಿ ಕಾಣಿಸಿದ ಪುಸ್ತಕ ಎಲ್ಲರಿಗೂ ಹೊರಗೆ. ನೋಡಿದವರು ಸೋಡಾಗೆ ಹೇಳಬೇಕು, ಅವನು ಪಟ್ಟಿ ಹಾಕ್ತಾನೆ.

ಕಿಟ್ಟಿ: ನೋಡಿಯೂ ನಾನು ಹೇಳದಿದ್ದರೆ?

ಚಿನ್ನಿ: ಹೇಳದಿದ್ದರೂ ಬೇರೆಯವರು ನೋಡಿರ್ತಾರೆ. ನಾನಂತೂ ನೋಡಿರ್ತೀನಿ.

ಉದ್ದಪ್ಪ: ಹಳೇ ಸಂಪುಟ ಖಾಲಿಯಾಗಿ ಮತ್ತೆ ಅಚ್ಚಾದರೆ? ಕಿಟ್ಟಿ ಕಳೆದ ಸಲ ಅಂಥ ಮೂರಕ್ಕೆ ಅಂಕ ತಗೊಂಡ.

ಕಿಟ್ಟಿ: ಪಂದ್ಯ ಇರೋದೇ ಮರುಮುದ್ರಣದ ಮೇಲೆ. ಅದೂ ಮರುಮುದ್ರಣವೇ.

ಚಿನ್ನಿ: ಮರುಮುದ್ರಣದ ಮರುಮುದ್ರಣ! ಖಾಲಿ ಜಾಗ ತುಂಬೋದು ಬೇರೆ, ತುಂಬಿದ ಜಾಗಕ್ಕೆ ಮತ್ತೆ ಸುಣ್ಣ ಬಳಿಯೋದು ಬೇರೆ. ಅದನ್ನು ತೆಗೆದೇ ಬಿಡೋಣ.

ಉದ್ದಪ್ಪ: ತೆಗೀಬೇಡ ಮಾರಾಯ್ತಿ. ನನ್ನಂಥ ತಡವಾಗಿ ಶುರು ಮಾಡಿದವರು ಕಾಯೋದೇ ಅದಕ್ಕೆ. ಕಪಾಟಿನಲ್ಲಿ ನಡುವಿನ ಹಲ್ಲು ಬಿದ್ದ ಹಾಗೆ ಕಾಣುತ್ತೆ.

ಚಿನ್ನಿ: ಹ್ಞೂಂ. ಅದು ನನಗೆ ಹೊಳೆದಿರಲಿಲ್ಲ. ಸರಿ, 12ರಲ್ಲಿ ಎರಡು ಊಹೆ ಅದಕ್ಕೆ ಮೀಸಲು. ಸಂಪುಟ ಘೋಷಣೆ ಆದರೆ ಸಾಕು, ಕೈಗೆ ಸಿಗಬೇಕಿಲ್ಲ. ಕಾಮಿಕ್ಸ್ ಅಂಗಡಿಗೆ ಒಂದು ದಿನ, ಪುಸ್ತಕದಂಗಡಿಗೆ ಇನ್ನೊಂದು ದಿನ ಬರುತ್ತೆ. ಆ ಗೊಂದಲ ಬೇಡ.

ಸೋಡಾಬುಡ್ಡಿ: ಹೊಸ ಲೆಕ್ಕದಲ್ಲಿ ಕಳೆದ ಸುತ್ತು ಕೂಡಿಸಿ ನೋಡಿದೆ. ಚಿನ್ನಿ ಗೆಲ್ತಾಳೆ.

ಕಿಟ್ಟಿ: ಈಗ ಅರ್ಥ ಆಯ್ತು ಈ ನಿಯಮ ಎಲ್ಲಿಂದ ಬಂತು ಅಂತ!

ಚಿನ್ನಿ: ನಾನೂ ಕೂಡಿಸಿ ನೋಡಿದ್ದೆ, ಸುಳ್ಳು ಹೇಳಲ್ಲ. ಆದರೆ ಆ ಸುತ್ತು ಆಡಿದ್ದು ಹಳೇ ನಿಯಮದಲ್ಲಿ. ಗೆದ್ದವನು ಕಿಟ್ಟಿ. ಅದನ್ನು ಯಾರೂ ಮುಟ್ಟಬಾರದು.

ಕಿಟ್ಟಿ: ಇದನ್ನು ಪಿನ್ ಮಾಡಿ.

(ಕಿಟ್ಟಿ ಗುಂಪಿನ ಚಿತ್ರವನ್ನು ಬದಲಾಯಿಸಿದ್ದಾರೆ)

ಉದ್ದಪ್ಪ: ತನ್ನದೇ ಫೋಟೋ ಹಾಕ್ಕೊಂಡ.

ಸೋಡಾಬುಡ್ಡಿ: ಊಹೆಗಳನ್ನು ಭಾನುವಾರ ರಾತ್ರಿ 9ರೊಳಗೆ ನನಗೆ ಕಳಿಸಿ. ಕಿಟ್ಟಿ, ನಿನ್ನದು ಆಗಲೇ ಬಂತು. ಎಣಿಸಿದೆ. 13 ಇದೆ.