ಸಹಾಯ ಬೇಕಾಗೇತ್ರಿ: ಮಷೀನ್ ಇಲ್ಲದ ರೊಟ್ಟಿ ಧಂದೆಗೆ ಮುದ್ರಾ ಸಾಲ

ನಮಸ್ಕಾರ್ರೀ ಎಲ್ಲಾರಿಗೂ. ನಮ್ದು ಗದಗ ಕಡೆ ಹಳ್ಳಿ. ಮನ್ಯಾಗ ಬಿಳಿಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಓಣಿಯವ್ರಿಗೆ ಮಾರ್ತಿದ್ದೆ. ಈಗ ಹುಬ್ಬಳ್ಳಿಯ ಎರಡು ಅಂಗಡಿಯವ್ರು ದಿನಾ ಕಳಸ್ರಿ ಅಂತಾರ. ಆದ್ರ ರೊಕ್ಕ ಕೊಡೋದು ಹದಿನೈದು ದಿನಕ್ಕೊಮ್ಮೆ. ಜೋಳ, ಶೇಂಗಾ, ಸಿಲಿಂಡರ್ ನಮಗ್ಯಾರು ಉದ್ರಿ ಕೊಡ್ತಾರ್ರೀ? ರೊಟ್ಟಿ ಬಡಿಯಾಕ ಬರೋ ಅಕ್ಕಾರಿಗೂ ಸಂಜಿಗೆ ಪಗಾರ ಎಣಿಸ್ಬೇಕು. ಆ ಹದಿನೈದು ದಿನ ದಾಟಾಕ ಒಂದು 30,000 ಕೈಯಾಗ ಇದ್ರ ಸಾಕು.

ಸಣ್ಣ ಧಂದೆಗೆ ಸರ್ಕಾರ ಮಾಡೋ ಉದ್ಯಮ್ ನೋಂದಣಿ ಪುಕ್ಕಟೆ ಆತು. ತಿನ್ನೋ ಮಾಲು ಮಾರಾಕ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿನೂ ಮಾಡಿಸೀನಿ. ಸಂಘದಾಗ ಕೇಳಿದ್ರ, ಮೊದಲಿನ ಸಾಲ ಮುಗಿಯೋತನ ಇಲ್ಲ ಅಂದ್ರು. ಸಣ್ಣ ಧಂದೆಗೆ ಇರೋ ಸರ್ಕಾರದ ಮುದ್ರಾ ಯೋಜನೆಯಾಗ ಎಲ್ಲಕ್ಕಿಂತ ಸಣ್ಣದಾದ ಶಿಶು ಸಾಲ 50,000 ತನಕ ಜಾಮೀನಿಲ್ಲದ ಕೊಡ್ತಾರಂತ ಬ್ಯಾಂಕಿಗೆ ಹೋದ್ರ, "ಮಷೀನಿನ ಕೊಟೇಶನ್ (ಅಂಗಡಿಯವ್ರು ಬರೆದುಕೊಡೋ ದರಪಟ್ಟಿ) ತರ್ರಿ" ಅಂತಾರ. ನಂಗ ಮಷೀನ ಬ್ಯಾಡ್ರಿ! ಕೈಲೆ ಬಡಿದ ರೊಟ್ಟಿ ಅಂತನ ಅಂಗಡಿಯವ್ರು ಕೇಳ್ಯಾರ.

ದುಡಿಯುವ ಬಂಡವಾಳಕ್ಕೂ, ಅಂದ್ರ ಮಾಲು, ಪಗಾರದಂಥ ದಿನದ ಖರ್ಚಿಗೂ, ಮುದ್ರಾ ಕೊಡ್ತಾರ ಅನ್ನೋದು ಗೊತ್ತೈತಿ. ಕೊಟೇಶನ್ ಬದಲಿ ಏನು ತೋರಿಸ್ಬೇಕು ಅನ್ನೋದ ತಿಳಿವಲ್ದು. ಜೋಳದ ವ್ಯಾಪಾರಿ ಬಿಲ್ಲೋ, ಅಂಗಡಿಯವ್ರ ಆರ್ಡರ್ ಚೀಟಿನೋ?

ಬರೇ ಮಾಲು ಖರೀದಿಗೆ ಶಿಶು ಸಾಲ ತಗೊಂಡವ್ರು ಯಾರರೆ ಇದ್ರ ಹೇಳ್ರಿ, ನೀವು ಬ್ಯಾಂಕಿಗೆ ಯಾವ ಕಾಗದ ಕೊಟ್ರಿ?